ಪರೀಕ್ಷೆಗಳು ಒಟ್ಟೊಟ್ಟಿಗೆ ಬಂದಾಗ

ನಿಮ್ಮ ಮನೆಯಲ್ಲಿ ಹತ್ತನೇ ತರಗತಿಯ ಅಥವಾ ಪಿಯುಸಿಯ ವಿದ್ಯಾರ್ಥಿ ಇದ್ದರೆ ಈ ಬರಹ ಮೊದಲು ನಿಮಗೆ, ಆಮೇಲೆ ಆ ಮಗುವಿಗೆ. ಪರೀಕ್ಷೆ ಬರೆಯುವುದು ಮಗುವಾದರೂ ಆ ದಿನಗಳ ವೇಳೆಯನ್ನು ಹಂಚುವವರು ಮನೆಯ ಹಿರಿಯರು. ಯಾರು ಎಷ್ಟು ಗಂಟೆಗೆ ಮಲಗಬೇಕು, ಯಾರು ಅಂಗಡಿಗೆ ಓಡಬೇಕು, ಯಾರು ಒಲೆಯ ಮುಂದೆ ನಿಲ್ಲಬೇಕು ಎಂಬುದನ್ನೆಲ್ಲ ತೀರ್ಮಾನಿಸುವವರು ನೀವೇ ತಾನೇ?

ಚೇಳೂರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ನನಗೆ ಜನವರಿ ಕಳೆಯುತ್ತಿದ್ದಂತೆ ಪ್ರತಿವರ್ಷ ಕೇಳಿಬರುವ ಮಾತು ಒಂದೇ: "ಹಜ್ರತ್, ಹುಡುಗನಿಗೆ ಈ ಸಲ ಎಸ್ಸೆಸ್ಸೆಲ್ಸಿ. ಪರೀಕ್ಷೆ ಮುಗಿಯೋವರೆಗೆ ಅರಬ್ಬಿಗೆ ಕಳಿಸೋದಿಲ್ಲ." ಪರೀಕ್ಷೆ ಮುಗಿಯುತ್ತದೆ. ಅಷ್ಟರಲ್ಲಿ ನಮ್ಮೂರಿಗೆ ಹೆಸರು ತಂದ ಹಲಸಿನ ಕಾಲ ಬರುತ್ತದೆ; ಹುಡುಗ ತೂಕ ಮಾಡಲೋ ಲಾರಿಗೆ ತುಂಬಿಸಲೋ ಅಪ್ಪನ ಜೊತೆ ಹೋಗುತ್ತಾನೆ. ಕಾಲೇಜು ತೆರೆದ ಮೇಲೆ ಗುಬ್ಬಿಗೋ ತುಮಕೂರಿಗೋ ಬೆಳಗಿನ ಬಸ್ಸು ಹಿಡಿಯಬೇಕು. ಮಕ್ತಬ್‌ಗೆ ಅವನು ಮತ್ತೆ ಬರುವುದೇ ಇಲ್ಲ. ಎರಡು ತಿಂಗಳಿಗೆಂದು ಬಿಡಿಸಿದ್ದು ಜೀವಮಾನಕ್ಕೆ ಬಿಡಿಸಿದಂತಾಗುತ್ತದೆ. ಇದಕ್ಕೆ ಎದುರಾದ ತಪ್ಪನ್ನು ಮಾಡುವವರೂ ಇದ್ದಾರೆ. ಮದ್ರಸದ ವಾರ್ಷಿಕ ಪರೀಕ್ಷೆ ಇದೆಯೆಂದು ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯನ್ನು ತಪ್ಪಿಸಿ, ಮಾರ್ಚ್‌ನಲ್ಲಿ ಮೂರು ಗಂಟೆ ಕುಳಿತು ಬರೆಯುವ ರೂಢಿಯೇ ಇಲ್ಲದೆ ಹೋದ ಮಕ್ಕಳನ್ನು ಬಲ್ಲೆ. ದೀನಿನ ಓದೂ ಶಾಲೆಯ ಓದೂ ಒಂದೇ ಮನೆಯಲ್ಲಿ ಇರಲಾರದ ಸವತಿಯರೆಂದು ತಿಳಿಯುವುದೇ ಈ ಎರಡೂ ತಪ್ಪುಗಳ ಬೇರು.

ಮೊದಲು ಈ ತಿಕ್ಕಾಟ ಎಲ್ಲಿಂದ ಹುಟ್ಟುತ್ತದೆಂದು ನೋಡೋಣ. ಶಾಲೆಯ ವರ್ಷ ಸೂರ್ಯನ ಲೆಕ್ಕದ್ದು. ಮುಖ್ಯ ಪರೀಕ್ಷೆಗಳು ಮಾರ್ಚ್-ಏಪ್ರಿಲ್ ಬಿಟ್ಟು ಹೆಚ್ಚು ಕದಲುವುದಿಲ್ಲ. ಮದ್ರಸದ ವರ್ಷ ಚಂದ್ರನ ಲೆಕ್ಕದ್ದು. ಶವ್ವಾಲ್‌ನಲ್ಲಿ ಪಾಠ ಆರಂಭ, ಶಅಬಾನ್‌ನಲ್ಲಿ ವಾರ್ಷಿಕ ಪರೀಕ್ಷೆ, ರಮಝಾನ್‌ನಲ್ಲಿ ರಜೆ. ಚಾಂದ್ರಮಾನ ವರ್ಷ ಸುಮಾರು 354 ದಿನಗಳದಾದ್ದರಿಂದ ಅದು ಪ್ರತಿವರ್ಷ ಹತ್ತು-ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಸುಮಾರು 33 ವರ್ಷಗಳಿಗೊಮ್ಮೆ ಸುತ್ತು ಮುಗಿಸಿ ಅದೇ ಋತುವಿಗೆ ಮರಳುತ್ತದೆ. 1992ರಲ್ಲಿ ರಮಝಾನ್ ಮಾರ್ಚ್ ತಿಂಗಳಲ್ಲಿ ಬಂದಿತ್ತು. 2024 ಮತ್ತು 2025ರಲ್ಲಿಯೂ ಮಾರ್ಚ್‌ನಲ್ಲೇ ಬಂತು. ಅಂದು ಉಪವಾಸವಿದ್ದು ಪರೀಕ್ಷೆ ಬರೆದವರು ಇಂದು ಪರೀಕ್ಷೆ ಬರೆಯುವ ಮಕ್ಕಳ ತಂದೆ-ತಾಯಿ, ಕೆಲವರು ಅಜ್ಜ-ಅಜ್ಜಿ. ಹಾಗಾಗಿ ಇದು ಯಾರೋ ನಮ್ಮ ಮೇಲೆ ಹೂಡಿದ ಸಂಚಲ್ಲ, ಹೊಸ ಕಷ್ಟವೂ ಅಲ್ಲ. ಅಲ್ಲಾಹನು ಸೂರ್ಯ-ಚಂದ್ರರಿಗೆ ಗೊತ್ತುಪಡಿಸಿದ ದಾರಿಗಳು ನಮ್ಮ ಮಕ್ಕಳ ಮೇಜಿನ ಮೇಲೆ ಸಂಧಿಸುವ ಕಾಲವಷ್ಟೇ.

2024ರ ಒಂದು ವಾರವನ್ನು ನೆನಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿಯ ರಾಜ್ಯಮಟ್ಟದ ಪೂರ್ವಸಿದ್ಧತಾ ಪರೀಕ್ಷೆ ಫೆಬ್ರವರಿ 26ರ ಸೋಮವಾರದಿಂದ ಮಾರ್ಚ್ 2ರ ಶನಿವಾರದವರೆಗೆ ನಡೆಯಿತು. ಆರು ದಿನ, ಆರು ವಿಷಯ, ನಡುವೆ ಒಂದು ದಿನದ ಬಿಡುವೂ ಇಲ್ಲ. ಅದರ ಹಿಂದಿನ ಭಾನುವಾರದ ರಾತ್ರಿ ಶಬೆ ಬರಾಅತ್. ಮದ್ರಸಗಳಲ್ಲಿ ಶಅಬಾನ್‌ನ ಪರೀಕ್ಷೆಯ ಸಮಯವೂ ಅದೇ. ಶುಕ್ರವಾರ ಮಾರ್ಚ್ 1ರ ಪತ್ರಿಕೆಯನ್ನು ಮಾತ್ರ ಬೆಳಿಗ್ಗೆಯ ಬದಲು ಮಧ್ಯಾಹ್ನ 2 ಗಂಟೆಗೆ ಇಟ್ಟಿದ್ದರು. ಇದು ಜುಮಾ ನಮಾಝ್‌ಗಾಗಿ ಮಾಡಿದ ಉಪಕಾರ ಎಂಬ ಗುಲ್ಲೆದ್ದಿತು, ಪತ್ರಿಕೆಗಳಲ್ಲಿಯೂ ಚರ್ಚೆಯಾಯಿತು. ನಿಜ ಸಂಗತಿ ಏನೆಂದರೆ, ಅಂದು ಬೆಳಿಗ್ಗೆ ದ್ವಿತೀಯ ಪಿಯುಸಿಯ ವಾರ್ಷಿಕ ಪರೀಕ್ಷೆ ಶುರುವಾಗುವುದಿತ್ತು. ಪ್ರೌಢಶಾಲೆಯೂ ಪದವಿಪೂರ್ವ ಕಾಲೇಜೂ ಒಂದೇ ಕಟ್ಟಡದಲ್ಲಿರುವ ಕಡೆ ಎರಡೂ ಪರೀಕ್ಷೆ ಏಕಕಾಲಕ್ಕೆ ನಡೆಸಲು ಕೊಠಡಿಗಳೂ ಮೇಲ್ವಿಚಾರಕರೂ ಸಾಲರು. ಇಲಾಖೆ ಇದನ್ನೇ ಸ್ಪಷ್ಟಪಡಿಸಿತು. ಸುದ್ದಿ ಬಂದಾಗ ಪರಿಶೀಲಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸಿದೆ. ಅಲ್ಲಿ ಕೆರಳುವುದಕ್ಕೂ ಕಾರಣವಿರಲಿಲ್ಲ, ಹಿಗ್ಗುವುದಕ್ಕೂ ಇರಲಿಲ್ಲ. ಮರುವರ್ಷ, 2025ರಲ್ಲಿ, ಮುಖ್ಯ ಪರೀಕ್ಷೆಯ ಎರಡು ಪತ್ರಿಕೆಗಳು ಶುಕ್ರವಾರವೇ ಬಂದವು: ಮಾರ್ಚ್ 21ರಂದು ಪ್ರಥಮ ಭಾಷೆ, ಏಪ್ರಿಲ್ 4ರಂದು ತೃತೀಯ ಭಾಷೆ. ಎರಡೂ ಬೆಳಗಿನ ಹೊತ್ತಿನವೇ.

ಹಾಗಾದರೆ ಜುಮಾದ ಗತಿ? ಬೆಳಿಗ್ಗೆ 10ಕ್ಕೆ ಆರಂಭವಾಗುವ ಪತ್ರಿಕೆ ಮುಗಿದು ಮಕ್ಕಳು ಹೊರಬರುವಾಗ ಒಂದು ಗಂಟೆ ದಾಟಿರುತ್ತದೆ. ಮಾರ್ಚ್‌ನಲ್ಲಿ ನಮ್ಮ ಕಡೆ ಜುಹರ್ ವೇಳೆ ಹನ್ನೆರಡೂವರೆಯ ನಂತರ ಆರಂಭವಾಗಿ ಅಸರ್‌ವರೆಗೂ ಇರುತ್ತದೆ. ಎಂದರೆ ಸಮಯ ಇದ್ದೇ ಇದೆ. ನಮ್ಮ ಮಸೀದಿಯ ಗಡಿಯಾರ ಮಾತ್ರ ಹೊಂದುವುದಿಲ್ಲ. ಹೆಚ್ಚಿನ ಮಸೀದಿಗಳಲ್ಲಿ ಖುತ್ಬಾ ಒಂದೂವರೆಯೊಳಗೆ ಆರಂಭವಾಗುವುದು ವಾಡಿಕೆ, ಶರೀಅತ್‌ನ ಕಡ್ಡಾಯವೇನಲ್ಲ. ಪರೀಕ್ಷೆಯ ಒಂದೆರಡು ಶುಕ್ರವಾರಗಳಲ್ಲಿ ಮುತವಲ್ಲಿಯವರೂ ಕಮಿಟಿಯವರೂ ಸೇರಿ ಖುತ್ಬಾವನ್ನು ಒಂದು ಮುಕ್ಕಾಲಿಗೋ ಎರಡಕ್ಕೋ ಇಟ್ಟರೆ ಊರಿನ ಅಷ್ಟೂ ಹುಡುಗರಿಗೆ ಜುಮಾ ಸಿಗುತ್ತದೆ. ಒಂದೇ ಮಸೀದಿಯಲ್ಲಿ ಎರಡೆರಡು ಜಮಾಅತ್ ಮಾಡುವುದಕ್ಕಿಂತ ಇದು ಮೇಲು. ಹನಫಿ ಉಲಮಾಗಳು ಎರಡನೇ ಜಮಾಅತನ್ನು ಮೆಚ್ಚುವುದಿಲ್ಲ. ಹಿಂದಿನ ಶುಕ್ರವಾರವೇ ಘೋಷಿಸಿ, ಫಲಕದ ಮೇಲೆ ಬರೆದರೆ ಆಯಿತು. ಪರೀಕ್ಷಾ ಕೇಂದ್ರ ಬೇರೆ ಊರಿನಲ್ಲಿದ್ದರೆ ಅಲ್ಲಿನ ಮಸೀದಿಯ ವೇಳೆಯನ್ನು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಅಷ್ಟಾಗಿಯೂ ಜುಮಾ ಕೈತಪ್ಪಿದರೆ ಜುಹರ್‌ನ ನಾಲ್ಕು ರಕಅತ್ ಇದೆ. ಉತ್ತರಪತ್ರಿಕೆಯನ್ನು ಅರ್ಧಕ್ಕೆ ಕೊಟ್ಟು ಓಡಿಬಾ ಎಂದು ಮಗುವಿಗೆ ಹೇಳಬೇಡಿ.

ಈಗ ರಮಝಾನ್‌ನ ಮಾತಿಗೆ ಬರೋಣ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-1 ಮಾರ್ಚ್ 25ರಿಂದ ಏಪ್ರಿಲ್ 6ರವರೆಗೆ, ಪೂರ್ತಿಯಾಗಿ ರಮಝಾನ್‌ನೊಳಗೇ ನಡೆಯಿತು. 2025ರಲ್ಲಿ ಇನ್ನೂ ಸಿಕ್ಕು ಸಿಕ್ಕಾಗಿತ್ತು. ಮಾರ್ಚ್ 24ರ ಸೋಮವಾರ ಗಣಿತ. ಹಿಂದಿನ ರಾತ್ರಿ ರಮಝಾನ್‌ನ 23ನೆಯದು. 26ರ ಬುಧವಾರ ದ್ವಿತೀಯ ಭಾಷೆ. ಹಿಂದಿನ ರಾತ್ರಿ 25ನೆಯದು. ಲೈಲತುಲ್ ಕದ್ರ್ ಅನ್ನು ಅರಸಬೇಕಾದ ಬೆಸ ರಾತ್ರಿಗಳೇ ಇವು! 29ರ ಶನಿವಾರ ಸಮಾಜ ವಿಜ್ಞಾನ, 30ರ ಭಾನುವಾರ ಯುಗಾದಿ, 31ರ ಸೋಮವಾರ ಈದುಲ್ ಫಿತ್ರ್, ಏಪ್ರಿಲ್ 2ರ ಬುಧವಾರ ವಿಜ್ಞಾನ. ಆ ವಾರ ನೆರೆಮನೆಯ ಹಿಂದೂ ಮಕ್ಕಳೂ ಒಬ್ಬಟ್ಟಿನ ವಾಸನೆಯ ನಡುವೆ ವಿಜ್ಞಾನದ ಪುಸ್ತಕ ಹಿಡಿದು ಕೂತಿದ್ದರು. ತೊಂದರೆ ನಮ್ಮೊಬ್ಬರದೇ ಎಂದುಕೊಂಡು ಕೊರಗುವ ಮೊದಲು ಇದನ್ನೂ ನೆನೆಯಬೇಕು.

ಹತ್ತನೇ ತರಗತಿಯ ಮಕ್ಕಳು ಸಾಮಾನ್ಯವಾಗಿ ಬಾಲಿಗ್ ಆಗಿರುತ್ತಾರೆ. ಉಪವಾಸ ಅವರ ಮೇಲೆ ಫರ್ಝ್. ಪರೀಕ್ಷೆ ಎಂಬ ಒಂದೇ ಕಾರಣಕ್ಕೆ ಅದನ್ನು ಬಿಡಲು ಬಹುಪಾಲು ಉಲಮಾಗಳು ಅನುಮತಿ ಕೊಡುವುದಿಲ್ಲ. ಆದರೆ ರೋಗಿಗೂ ಪ್ರಯಾಣಿಕನಿಗೂ ಬೇರೆ ದಿನಗಳಲ್ಲಿ ಎಣಿಕೆ ಪೂರ್ಣಗೊಳಿಸುವ ಅವಕಾಶ ಸೂರಃ ಅಲ್ ಬಕರದಲ್ಲಿದೆ. ಅಲ್ಲಾಹನು ನಮಗೆ ಸುಲಭವನ್ನು ಬಯಸುತ್ತಾನೆಂದೂ ಅಲ್ಲಿಯೇ ಹೇಳಲಾಗಿದೆ. ಸಕ್ಕರೆ ಕಾಯಿಲೆ ಅಥವಾ ತೀವ್ರ ರಕ್ತಹೀನತೆ ಇರುವ ಮಗು, ಜ್ವರದಲ್ಲಿರುವ ಮಗು, ಪರೀಕ್ಷಾ ಕೊಠಡಿಯಲ್ಲೇ ತಲೆಸುತ್ತಿ ಅಪಾಯದ ಸ್ಥಿತಿಗೆ ಬಂದ ಮಗು, ಇಂಥವರು ಉಪವಾಸ ಬಿಟ್ಟು ನಂತರ ಕಝಾ ಮಾಡಬಹುದು. ವೈದ್ಯರನ್ನೂ ನಿಮ್ಮೂರಿನ ಆಲಿಮರನ್ನೂ ಮೊದಲೇ ಕೇಳಿ. ಐದನೆಯ ಅಥವಾ ಆರನೆಯ ತರಗತಿಯ ಪುಟ್ಟ ಮಕ್ಕಳನ್ನು ಪರೀಕ್ಷೆಯ ದಿನ ಉಪವಾಸಕ್ಕೆ ಒತ್ತಾಯಿಸುವ ಹಟ ಮಾತ್ರ ಬೇಡ.

ಇನ್ನುಳಿದವರು ಒಂದು ಸರಳ ಲೆಕ್ಕ ನೋಡಿ. ಮಾರ್ಚ್ ಕೊನೆಯಲ್ಲಿ ನಮ್ಮ ಜಿಲ್ಲೆಯಲ್ಲಿ ಸಹರಿ ಮುಗಿಯುವುದು ಐದು ಗಂಟೆ ದಾಟಿದ ಮೇಲೆ, ಇಫ್ತಾರ್ ಸಂಜೆ ಆರೂವರೆಯ ಹೊತ್ತಿಗೆ. ಹತ್ತು ಗಂಟೆಯ ಪತ್ರಿಕೆ ಸಹರಿಯಾದ ಐದನೇ ಗಂಟೆಗೆ ಆರಂಭವಾಗಿ ಎಂಟನೇ ಗಂಟೆಗೆ ಮುಗಿಯುತ್ತದೆ. ಶರೀರ ಬಳಲುವುದು ಅದರ ಆಚೆಗೆ. ಆದ್ದರಿಂದ ಮಗುವನ್ನು ಸೋಲಿಸುವುದು ಹೆಚ್ಚಾಗಿ ಹಸಿವಲ್ಲ, ನಿದ್ದೆಗೇಡು. ತರಾವೀಹ್ ಮುಗಿಸಿ ಹತ್ತೂವರೆಗೆ ಮನೆ ಸೇರಿ, ಹನ್ನೆರಡರವರೆಗೆ ಓದಿ, ನಾಲ್ಕಕ್ಕೆ ಎದ್ದರೆ ಆರು ದಿನದಲ್ಲಿ ಎಂಥ ಹುಡುಗನೂ ಕುಸಿಯುತ್ತಾನೆ.

ಇಲ್ಲಿ ಹ. ಸಲ್ಮಾನ್ ಫಾರಿಸಿ(ರ)ಯವರ ಪ್ರಸಂಗ ನೆನಪಾಗುತ್ತದೆ. ಅವರು ತಮ್ಮ ದೀನೀ ಸಹೋದರ ಹ. ಅಬೂ ದರ್ದಾ(ರ)ರ ಮನೆಗೆ ಹೋದಾಗ, ಆತಿಥೇಯರು ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ಇರುವುದನ್ನು ಕಂಡರು. ಊಟಕ್ಕೆ ಕುಳ್ಳಿರಿಸಿದರು. ರಾತ್ರಿ ಎದ್ದು ನಿಲ್ಲಲು ಹೋದಾಗ ಮಲಗಿಸಿದರು. ಮತ್ತೆ ಎದ್ದಾಗ ಮತ್ತೆ ಮಲಗಿಸಿದರು. ರಾತ್ರಿಯ ಕೊನೆಯ ಜಾವದಲ್ಲಿ ಇಬ್ಬರೂ ಎದ್ದು ನಮಾಝ್ ಮಾಡಿದರು. ಪ್ರಭುವಿಗೆ ನಿಮ್ಮ ಮೇಲೆ ಹಕ್ಕಿದೆ, ನಿಮ್ಮ ಶರೀರಕ್ಕೂ ಇದೆ, ಮನೆಯವರಿಗೂ ಇದೆ, ಪ್ರತಿಯೊಬ್ಬ ಹಕ್ಕುದಾರನಿಗೆ ಅವನ ಹಕ್ಕನ್ನು ಕೊಡಿ ಎಂಬುದು ಅವರ ಮಾತಿನ ಸಾರ. ಪ್ರವಾದಿ(ಸ)ಯವರಿಗೆ ಇದನ್ನು ತಿಳಿಸಿದಾಗ ಸಲ್ಮಾನ್ ಹೇಳಿದ್ದು ಸತ್ಯವೆಂದರು. ಈ ಹದೀಸ್ ಬುಖಾರಿಯಲ್ಲಿದೆ. ಗಮನಿಸಿ: ಸಲ್ಮಾನ್(ರ) ಆರಾಧನೆಯನ್ನು ಬಿಡಿಸಲಿಲ್ಲ, ಅದರ ವೇಳೆಯನ್ನು ಬದಲಿಸಿದರು. ವೇಳಾಪಟ್ಟಿ ಎಂದರೆ ಇದೇ. ಪಟ್ಟಿ ಬರೆಯುವಾಗ ನಾವು ವಿಷಯಗಳನ್ನು ಮಾತ್ರ ಬರೆಯುತ್ತೇವೆ, ಹಕ್ಕುದಾರರನ್ನು ಬರೆಯುವುದಿಲ್ಲ. ನಿದ್ದೆಯೂ ಒಬ್ಬ ಹಕ್ಕುದಾರ.

ಹಾಗೆಯೇ, ಇಶಾವನ್ನು ಜಮಾಅತ್‌ನೊಂದಿಗೆ ನಿರ್ವಹಿಸಿದವನಿಗೆ ಅರ್ಧ ರಾತ್ರಿಯ, ಫಜ್ರ್ ಅನ್ನೂ ಹಾಗೆ ನಿರ್ವಹಿಸಿದವನಿಗೆ ಇಡೀ ರಾತ್ರಿಯ ಆರಾಧನೆಯ ಪುಣ್ಯವಿದೆಯೆಂಬ ಆಶಯದ ಹದೀಸನ್ನು ಹ. ಉಸ್ಮಾನ್(ರ) ವರದಿ ಮಾಡಿದ್ದಾರೆ. ಮರುದಿನ ಗಣಿತವಿರುವ ಹುಡುಗನಿಗೆ ಬೆಸ ರಾತ್ರಿಯಲ್ಲಿ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ? ಇಶಾ ಮುಗಿಸಿ, ಸಾಧ್ಯವಿದ್ದಷ್ಟು ತರಾವೀಹ್ ಮಾಡಿ ಬೇಗ ಮಲಗಲಿ. ಸಹರಿಗೆ ಹೇಗೂ ಏಳಬೇಕು. ಕಾಲು ಗಂಟೆ ಮೊದಲು ಎದ್ದು ಎರಡು ರಕಅತ್ ನಮಾಝ್ ಮಾಡಿ ದುಆ ಕೇಳಲಿ. ಫಜ್ರ್ ನಂತರದ ತಂಪು ಹೊತ್ತು ಪುನರಾವರ್ತನೆಗೆ. ಮಧ್ಯಾಹ್ನ ಮನೆಗೆ ಬಂದು ಜುಹರ್ ಮಾಡಿ ಒಂದು ಗಂಟೆ ಮಲಗಿದರೆ ಸಂಜೆಯ ಓದಿಗೆ ತಲೆ ತಿಳಿಯಾಗುತ್ತದೆ.

ಇಷ್ಟು ಬರೆದದ್ದು ಗಂಡುಮಕ್ಕಳಿಗೆ ಹೊಂದುತ್ತದೆ. ಹೆಣ್ಣುಮಕ್ಕಳ ವಿಷಯ ಬೇರೆಯೇ ಇದೆ, ಅದನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಅಣ್ಣನಿಗೂ ತಂಗಿಗೂ ಪರೀಕ್ಷೆಯಿರುವ ಮನೆಯಲ್ಲಿ ರಮಝಾನ್‌ನ ಸಂಜೆ ನಾಲ್ಕು ಗಂಟೆಗೆ ಏನಾಗುತ್ತದೆ? ಅಣ್ಣ ಪುಸ್ತಕ ಹಿಡಿದಿರುತ್ತಾನೆ ಅಥವಾ ಮಲಗಿರುತ್ತಾನೆ. ತಂಗಿ ಈರುಳ್ಳಿ ಹೆಚ್ಚುತ್ತಿರುತ್ತಾಳೆ. ಆಮೇಲೆ ಸಮೋಸ ಕರಿಯಬೇಕು, ಗಂಜಿ ಕಲಕಬೇಕು, ನೆರೆಮನೆಗೆ ತಟ್ಟೆ ಕಳಿಸಬೇಕು, ಮಗ್ರಿಬ್ ಆದ ಮೇಲೆ ಪಾತ್ರೆ ತೊಳೆಯಬೇಕು. ಬೆಳಗಿನ ಜಾವ ಅಮ್ಮಿಯ ಜೊತೆ ಮೊದಲು ಏಳುವವಳೂ ಅವಳೇ. ಶಾಲೆಯ ವೇಳಾಪಟ್ಟಿ ಇಬ್ಬರಿಗೂ ಒಂದೇ. ಮನೆಯ ವೇಳಾಪಟ್ಟಿ ಅವಳಿಗೆ ಮಾತ್ರ. ಪರೀಕ್ಷೆಯಲ್ಲಿ ಅವಳ ಅಂಕ ಇಳಿದರೆ 'ಓದಿನಲ್ಲಿ ಮನಸ್ಸಿಲ್ಲ, ಸಾಕು ಬಿಡಿಸಿಬಿಡಿ' ಎಂಬ ತೀರ್ಮಾನಕ್ಕೆ ಎಷ್ಟು ಹೊತ್ತು ಬೇಕು! ಪ್ರವಾದಿ(ಸ)ಯವರು ಮನೆಯಲ್ಲಿ ಏನು ಮಾಡುತ್ತಿದ್ದರೆಂದು ಕೇಳಿದಾಗ, ಮನೆಯವರ ಸೇವೆಯಲ್ಲಿರುತ್ತಿದ್ದರು, ನಮಾಝ್‌ನ ವೇಳೆಯಾದಾಗ ಎದ್ದು ಹೋಗುತ್ತಿದ್ದರು ಎಂಬರ್ಥದ ಉತ್ತರವನ್ನು ಹ. ಆಯಿಶಾ(ರ) ಕೊಟ್ಟರು. ತಂದೆಯರೇ, ಪರೀಕ್ಷೆ ನಡೆಯುವ ಆ ಎರಡು ವಾರ ಇಫ್ತಾರ್‌ಗೆ ಖರ್ಜೂರ, ನೀರು, ಹಣ್ಣು, ಒಂದು ಬಟ್ಟಲು ಗಂಜಿ ಸಾಕೆಂದು ನೀವೇ ಹೇಳಿಬಿಡಿ. ಕರಿದ ತಿಂಡಿ ಈದ್‌ವರೆಗೆ ಕಾಯಲಿ. ಪಾತ್ರೆಗಳನ್ನು ಹುಡುಗರು ತೊಳೆಯಲಿ. ಈದ್ ದಿನದ ಅತಿಥಿಗಳಿಗೆ, "ಮಗಳಿಗೆ ನಾಡಿದ್ದು ವಿಜ್ಞಾನ, ಈ ಸಲ ಶೀರ್ ಖುರ್ಮಾ ಒಂದೇ" ಎಂದರೆ ಯಾರೂ ಮುನಿಸಿಕೊಳ್ಳಲಾರರು. ಮುನಿಸಿಕೊಂಡರೂ ಚಿಂತೆಯಿಲ್ಲ.

ಸಾಲುಸಾಲಾಗಿ ಬರುವ ಪತ್ರಿಕೆಗಳಿಗೆ ಓದುವ ಬಗೆಯನ್ನು ನಮ್ಮ ಹಿಫ್ಝ್ ತರಗತಿಗಳಿಂದಲೇ ಕಲಿಯಬಹುದು. ಕುರ್‌ಆನ್ ಕಂಠಪಾಠ ಮಾಡುವ ಮಗುವಿಗೆ ದಿನಕ್ಕೆ ಮೂರು ಕೆಲಸ: ಇಂದಿನ ಹೊಸ ಸಬಕ್, ಕಳೆದ ಕೆಲವು ದಿನಗಳ ಸಬಕೀ, ಬಹಳ ಹಿಂದೆ ಕಲಿತ ಆಮೋಖ್ತಾ. ಹೊಸದು ಎಷ್ಟೇ ಚೆನ್ನಾಗಿದ್ದರೂ ಹಳೆಯದನ್ನು ಒಪ್ಪಿಸದೆ ಉಸ್ತಾದರು ಬಿಡುವುದಿಲ್ಲ. ಶಾಲೆಯ ಆರು ವಿಷಯಗಳನ್ನೂ ಹೀಗೆಯೇ ಹಂಚಬಹುದು. ಇನ್ನು ತರಾವೀಹ್‌ನ ಹಾಫಿಝರನ್ನು ನೋಡಿ. ಪ್ರತಿರಾತ್ರಿ ಒಂದು ಜುಝ್‌ನ ಲೆಕ್ಕದಲ್ಲಿ ಇಡೀ ತಿಂಗಳು ಅವರಿಗೆ ಪರೀಕ್ಷೆಯೇ, ಬಿಡುವಿನ ದಿನವೆಂಬುದಿಲ್ಲ. ಅವರು ಅಂದಂದಿನ ಜುಝನ್ನು ಅಂದಂದೇ ಹೊಸದಾಗಿ ಕಲಿಯಲು ಕೂರುತ್ತಾರೆಯೇ? ರಜಬ್-ಶಅಬಾನ್‌ನಲ್ಲಿಯೇ ಪೂರ್ತಿ ಸುತ್ತು ಮುಗಿಸಿರುತ್ತಾರೆ. ಹಗಲು ಒಮ್ಮೆ ಓದಿ, ಒಬ್ಬರಿಗೆ ಕೇಳಿಸಿ, ನಿಲ್ಲುತ್ತಾರೆ. ನಿನ್ನೆ ಎಡವಿದ ಆಯತ್ ಬಗ್ಗೆ ಇಂದು ಕೊರಗುತ್ತ ಕೂತರೆ ಇಂದಿನದೂ ಕೆಡುತ್ತದೆಂದು ಅವರಿಗೆ ಗೊತ್ತು. ವಿದ್ಯಾರ್ಥಿಯೂ ಹೀಗೆಯೇ. ಕೊನೆಯ ದಿನಗಳಲ್ಲಿ ಬರುವ ವಿಷಯಗಳನ್ನು ತಿಂಗಳ ಮೊದಲೇ ಮುಗಿಸಿಟ್ಟುಕೊಳ್ಳಬೇಕು, ಏಕೆಂದರೆ ಅವುಗಳ ಹಿಂದಿನ ಸಂಜೆ ಮಗು ಅತಿ ಹೆಚ್ಚು ದಣಿದಿರುತ್ತದೆ. ಬರೆದು ಬಂದ ಪತ್ರಿಕೆಯನ್ನು ಮನೆಯಲ್ಲಿ ಮತ್ತೆ ತೆರೆಯಬಾರದು. 'ಮೂರನೇ ಪ್ರಶ್ನೆಗೆ ಏನು ಬರೆದೆ?' ಎಂದು ಕೇಳುವ ಚಿಕ್ಕಪ್ಪಂದಿರನ್ನು ಬಾಗಿಲಲ್ಲೇ ತಡೆಯಿರಿ.

ಮಕ್ತಬ್‌ನ ಪ್ರಶ್ನೆ ಉಳಿಯಿತು. ಹ. ಉಮರ್(ರ) ಮದೀನದ ಹೊರವಲಯದಲ್ಲಿ ವಾಸವಿದ್ದಾಗ ದಿನವೂ ಪ್ರವಾದಿ(ಸ)ಯವರ ಸನ್ನಿಧಿಗೆ ಬರಲಾಗುತ್ತಿರಲಿಲ್ಲ. ಅವರೂ ಅವರ ಅನ್ಸಾರಿ ನೆರೆಯವರೂ ಸರದಿ ಮಾಡಿಕೊಂಡರು: ಒಂದು ದಿನ ಇವರು ಹೋಗಿ ಕೇಳಿದ್ದನ್ನು ಅವರಿಗೆ ತಿಳಿಸುವುದು, ಮರುದಿನ ಅವರು ಹೋಗಿ ಇವರಿಗೆ ತಿಳಿಸುವುದು. ಬರಲಾಗದ ದಿನಕ್ಕೆ ದಾರಿ ಹುಡುಕಿದರೇ ಹೊರತು ಬರುವುದನ್ನೇ ನಿಲ್ಲಿಸಲಿಲ್ಲ. ನಾವೂ ಫೆಬ್ರವರಿಯಿಂದ ಹತ್ತನೇ ತರಗತಿಯವರಿಗೆ ಹೊಸ ಸಬಕ್ ಕೊಡುವುದಿಲ್ಲ. ಮಗ್ರಿಬ್ ಆದ ಮೇಲೆ ಇಪ್ಪತ್ತು ನಿಮಿಷ ಬಂದು ಹಳೆಯದನ್ನು ಒಪ್ಪಿಸಿ ಹೋದರೆ ಸಾಕು. ಪತ್ರಿಕೆಯ ಹಿಂದಿನ ದಿನ ಬಾರದಿದ್ದರೂ ಹಾಜರಿ ಕೇಳುವುದಿಲ್ಲ. ಮಕ್ತಬ್‌ನ ಪರೀಕ್ಷೆ ಶಾಲೆಯ ಪರೀಕ್ಷೆಗೆ ತಾಗಿದರೆ ಕದಲಬೇಕಾದದ್ದು ನಮ್ಮದೇ, ಏಕೆಂದರೆ ನಮ್ಮದನ್ನು ಕದಲಿಸುವುದು ನಮ್ಮ ಕೈಯಲ್ಲಿದೆ; ರಾಜ್ಯಕ್ಕೆಲ್ಲ ಒಂದೇ ಆಗಿರುವ ಪತ್ರಿಕೆಯನ್ನು ಚೇಳೂರಿಗಾಗಿ ಯಾರೂ ಮುಂದೂಡಲಾರರು. ಈ ಮಾತು ನನ್ನಂಥ ಶಿಕ್ಷಕರಿಗೆ ಸ್ವಲ್ಪ ಕಹಿಯೇ. ನಾನು ಬಿ.ಎ. ಕನ್ನಡ ಓದುವಾಗ ಹಳಗನ್ನಡದ ಪತ್ರಿಕೆಯ ಹಿಂದುಮುಂದೆಯೇ ಫಿಕ್ಹ್‌ನ ಪರೀಕ್ಷೆ ಬಂದಿತ್ತು. ಉಸ್ತಾದರೊಬ್ಬರು ನನ್ನದನ್ನು ಎರಡು ದಿನ ಮುಂದಕ್ಕೆ ಹಾಕಿ, ಒಬ್ಬನನ್ನೇ ಕೂರಿಸಿ ಬರೆಸಿದರು. ಆ ಎರಡು ದಿನ ಸಿಗದಿದ್ದರೆ ಎರಡರಲ್ಲಿ ಒಂದು ಓದು ಅಲ್ಲಿಗೇ ನಿಲ್ಲುತ್ತಿತ್ತು.

ಸರಕಾರಿ ವೇಳಾಪಟ್ಟಿ ಎಂದೂ ಬದಲಾಗುವುದೇ ಇಲ್ಲವೆಂದಲ್ಲ. 2022ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಅಖಿಲ ಭಾರತ ಮಟ್ಟದ ಜೆಇಇ ಪರೀಕ್ಷೆಗೆ ತಾಗಿದಾಗ ದಿನಾಂಕಗಳನ್ನು ಪರಿಷ್ಕರಿಸಿ, ಏಪ್ರಿಲ್ 22ರಿಂದ ಮೇ 18ರವರೆಗೆ ನಡೆಸಿದರು. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿ ಪ್ರಕಟಿಸಿ ಆಕ್ಷೇಪಣೆಗೆ ಅವಕಾಶ ಕೊಡುವ ಪದ್ಧತಿಯಿದೆ. ಹಬ್ಬದ ದಿನಕ್ಕೋ ಮತ್ತೊಂದು ಪರೀಕ್ಷೆಗೋ ತಾಗುತ್ತಿದ್ದರೆ ಮುಖ್ಯೋಪಾಧ್ಯಾಯರ ಮೂಲಕ ಆ ದಿನಗಳೊಳಗೇ ಬರೆಯಬೇಕು. ಪ್ರವೇಶಪತ್ರ ಕೈಗೆ ಬಂದ ಮೇಲೆ ಚಹಾದಂಗಡಿಯಲ್ಲಿ ಗೊಣಗಿ ಫಲವಿಲ್ಲ.

2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂದಿತ್ತು. ಹೆಚ್ಚು ಬಂದ ಅಂಕ ಉಳಿಯುತ್ತದೆ. ಮೊದಲನೆಯದರಲ್ಲಿ ಒಂದು ವಿಷಯ ಕೈಕೊಟ್ಟರೆ ಮಗುವನ್ನು ಜರೆಯದೆ ಎರಡನೆಯದಕ್ಕೆ ಕೂರಿಸಿ. ಆದರೆ ಅದು ಇನ್ನಷ್ಟು ಒತ್ತೊತ್ತಾಗಿ ಬರುತ್ತದೆಂಬುದು ನೆನಪಿರಲಿ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ-2 ಮೇ 26ಕ್ಕೆ ಆರಂಭವಾಗಿ ಜೂನ್ 2ಕ್ಕೆಲ್ಲ ಮುಗಿದಿತ್ತು.

2027ರಲ್ಲಿ ರಮಝಾನ್ ಫೆಬ್ರವರಿ ಎರಡನೇ ವಾರದಲ್ಲಿ ಆರಂಭವಾಗುವ ಲೆಕ್ಕವಿದೆ, ಚಂದ್ರದರ್ಶನಕ್ಕೆ ಒಳಪಟ್ಟು. 2028ರಲ್ಲಿ ಜನವರಿ ಕೊನೆಗೆ. ಎಂದರೆ ಮುಖ್ಯ ಪರೀಕ್ಷೆ ಉಪವಾಸದ ತಿಂಗಳಿನಿಂದ ಮೆಲ್ಲಗೆ ಹೊರಬರುತ್ತ, ಪೂರ್ವಸಿದ್ಧತಾ ಪರೀಕ್ಷೆಯ ಸಾಲುದಿನಗಳು ಅದರೊಳಗೆ ಬೀಳುವ ಸಂಭವವಿದೆ. ಮದ್ರಸದ ವಾರ್ಷಿಕ ಪರೀಕ್ಷೆಯೂ ಅದರೊಂದಿಗೆ ಜನವರಿಗೆ, ಮುಂದೆ ಡಿಸೆಂಬರ್‌ಗೆ ಸರಿಯುತ್ತದೆ. ನಿಮ್ಮ ಮೊಹಲ್ಲಾದಲ್ಲಿ ಯಾವ ಯಾವ ಮನೆಯ ಮಗು ಯಾವ ವರ್ಷ ಹತ್ತನೆಯದಕ್ಕೆ ಬರುತ್ತದೆಂದು ಮಸೀದಿ ಕಮಿಟಿಯವರು ಈಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ, ಖುತ್ಬಾದ ವೇಳೆಯನ್ನೂ ಮಕ್ತಬ್‌ನ ಪರೀಕ್ಷೆಯನ್ನೂ ಡಿಸೆಂಬರ್‌ನಲ್ಲೇ ಕೂತು ನಿಗದಿ ಮಾಡಬಹುದು. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರೂ ಇರಲಿ.